ಕೊರಿಯಾದಲ್ಲಿ ನಾನು ಎರಡನೇ ಕ್ಯಾಮೆರಾ

ಅಲೆವೂರು, ಅಕ್ಕನ ಮನೆ

ಕಾಪುವಿನಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಸ್ಟುಡಿಯೊ ಎಂದರೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ಒಂದು ಕೋಣೆ, ಅದರ ಹಿಂದೆ ಎಡಿಟಿಂಗ್ ಮಾಡುವ ಇನ್ನೊಂದು ಕೋಣೆ. ನಿಜವಾದ ಕೆಲಸ ಹೊರಗೆ, ಹಾಲ್‌ಗಳಲ್ಲಿ. ಪಡುಬಿದ್ರಿಯಿಂದ ಉಡುಪಿಯವರೆಗೆ, ಒಳಗೆ ಕಾರ್ಕಳದ ತನಕ ಮದುವೆ, ನಿಕಾಹ್, ಗೃಹಪ್ರವೇಶಗಳನ್ನು ನಾನೂ ನನ್ನ ಪಾರ್ಟ್ನರ್ ಹಮೀದನೂ ಲೈವ್ ಕೊಡುತ್ತೇವೆ. ಈ ಕರಾವಳಿಯಲ್ಲಿ ಪ್ರತಿ ಮದುವೆಗೂ ಎರಡು ಬಗೆಯ ನೆಂಟರು. ಹಾಲ್‌ಗೆ ಬಂದು ಕುಳಿತವರು ಒಂದು ಬಗೆ, ದುಬೈ, ದಮ್ಮಾಮ್, ಬಹರೈನ್‌ಗಳಲ್ಲಿ ಫೋನ್ ಹಿಡಿದು ಕುಳಿತವರು ಇನ್ನೊಂದು ಬಗೆ. ಬಂದವರು ಊಟ ಮಾಡಿ ಹೋಗುತ್ತಾರೆ. ಬಾರದವರು ನಮಗೆ ಬೈಯುತ್ತಾರೆ.

ನನ್ನ ಅಕ್ಕನ ಮಗಳು ನಿಶ್ಮಿತಾ ಪಿಯುಸಿ ಮುಗಿಸಿ, ಡಿಜಿಟಲ್ ಪ್ರಸಾರ ಕಲಿಯಲು ದಕ್ಷಿಣ ಕೊರಿಯಾಕ್ಕೆ ಹೋಗುತ್ತೇನೆ ಎಂದಾಗ ಮನೆಯವರಿಗೆ ಅರ್ಥವೇ ಆಗಲಿಲ್ಲ. ಅಲೆವೂರಿನಿಂದ ಬಸ್ಸು ಹತ್ತಿದರೆ ಮಣಿಪಾಲ. ದೇಶದ ಮೂಲೆ ಮೂಲೆಯವರು ಕಲಿಯಲು ಅಲ್ಲಿಗೆ ಬರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಮೊದಲು ಆ ಭಾಷೆ ಕಲಿತಳು, ಆಮೇಲೆ ಎರಡು ವರ್ಷದ ಒಂದು ಕಾಲೇಜಿಗೆ ಸೇರಿದಳು. ಅಲ್ಲಿ ಅಂಥ ಕಾಲೇಜುಗಳು ಬೇಕಾದಷ್ಟಿವೆಯಂತೆ. ಸಿದ್ಧಾಂತ ಕಡಿಮೆ, ಕೈಕೆಲಸ ಜಾಸ್ತಿ. ಕ್ಯಾಮೆರಾ, ಬೆಳಕು, ಧ್ವನಿ, ನೇರ ಪ್ರಸಾರ ಎಲ್ಲವನ್ನೂ ಮಾಡಿಯೇ ಕಲಿಯಬೇಕು.

ಓದು ಮುಗಿಯುತ್ತಾ ಬಂದಾಗ ಅಲ್ಲೇ ಒಂದು ಕಂಪನಿ ಅವಳಿಗೆ ಕೆಲಸ ಕೊಡುತ್ತೇನೆಂದಿತು. ಅವಳು ಬೇಡ ಎಂದಳು. ಊರಿಗೆ ಬಂದು ಮಾಮನ ಸ್ಟುಡಿಯೊ ಸೇರುತ್ತೇನೆ ಎಂದಳು. ಮಾಮ ಎಂದರೆ ನಾನು. ಅಕ್ಕ ನನ್ನನ್ನು ಕರೆಸಿ ಜಗಲಿಯಲ್ಲಿ ಕೂರಿಸಿದಳು.

"ಸುಧಾಕರ, ಕಾಪುವಿನಲ್ಲಿ ಮದುವೆ ವಿಡಿಯೊ ತೆಗೆಯಲಿಕ್ಕೆ ಕೊರಿಯಾಕ್ಕೆ ಹೋಗಬೇಕಿತ್ತಾ? ಪರದೇಶಕ್ಕೆ ಹೋದವರು ಬೇಗ ತಿರುಗಿ ಬಂದರೆ ಊರವರು ಎಂತ ಕೇಳ್ತಾರೆ ಅಂತ ನಿನಗೆ ಗೊತ್ತುಂಟಲ್ಲ? 'ಎಂತ ಆಯ್ತು?' ಅಂತ ಕೇಳ್ತಾರೆ. ಅವಳ ಅಪ್ಪ ಬಹರೈನಿನಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದಾರೆ. ನೀನೇ ಹೋಗಿ ಬುದ್ಧಿ ಹೇಳಿ ಬಾ."

ನಮ್ಮಲ್ಲಿ ಸೋದರಮಾವನ ಮಾತಿಗೆ ಹಿಂದಿನಿಂದಲೂ ಒಂದು ತೂಕ. ಹೆತ್ತ ತಾಯಿಯ ಮಾತಿಗೇ ಮಜ್ಜಿಗೆ ಹುಟ್ಟದ ಕಡೆ ಮೊಸರು ತರಲು ಚೀಟಿ ಕೊಟ್ಟ ಹಾಗೆ ನನ್ನನ್ನು ಕಳಿಸಿದಳು. ನನಗೂ ಅಕ್ಕನ ಮಾತೇ ಸರಿ ಎನಿಸಿತ್ತು. ಇಷ್ಟೆಲ್ಲ ಓದಿದವಳು ಬಂದು ನನ್ನ ವೈರು ಸುತ್ತುತ್ತಾ ನಿಲ್ಲುವುದು ನನಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಕಿತ್ತಳೆ

ನಿಶ್ಮಿತಾ ಓದುತ್ತಿದ್ದ ಊರು ಬುಸಾನ್ ನಗರದ ಆಚೆ, ಸಮುದ್ರದ ಬದಿಯಲ್ಲಿ. ಅವಳು ವಿಮಾನ ನಿಲ್ದಾಣಕ್ಕೆ ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. ಅವಳ ಕೂದಲು ಗಿಡ್ಡವಾಗಿತ್ತು. ಉಳಿದದ್ದೆಲ್ಲ ನಮ್ಮ ನಿಶ್ಮಿತಾಳೇ. ಹಸಿವೆಯಾಯಿತಾ ಎಂದು ಕೇಳುವ ಮೊದಲೇ ತಿನ್ನಲು ಕೈಗಿಟ್ಟಳು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ; ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಸ್ಸು ಹತ್ತಿ ಕುಳಿತದ್ದೇ ಹಮೀದನ ಫೋನು ಬಂತು. ಕಾರ್ಕಳದ ಒಂದು ಮದುವೆಯಲ್ಲಿ ಹುಡುಗಿಯ ಕಡೆಯವರಿಗೆ ಡ್ರೋನ್ ಬೇಕಂತೆ, ಹುಡುಗನ ಕಡೆಯವರಿಗೆ ತೆಂಗಿನ ಮರದ ಭಯವಂತೆ. ನಮ್ಮ ಬಸ್ಸಿನಲ್ಲಿ ಮಾತಾಡುವಂತೆಯೇ ಮಾತಾಡಿದೆ. ನಮ್ಮ ಬಸ್ಸೆಂದರೆ ಡ್ರೈವರಿನ ಹಾಡು, ಕಂಡಕ್ಟರಿನ ಸೀಟಿ, ಟಯರಿನ ಗಲಾಟೆ ಎಲ್ಲವನ್ನೂ ಮೀರಿಸಿ ಮಾತಾಡಬೇಕಾದ ಜಾಗ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ಇಡೀ ಬಸ್ಸಿನಲ್ಲಿ ಕೇಳುತ್ತಿದ್ದದ್ದು ನನ್ನ ದನಿ ಒಂದೇ. ಯಾರೂ ತಿರುಗಿ ನೋಡಿರಲಿಲ್ಲ. ನಿಶ್ಮಿತಾ ಮಾತ್ರ ತಲೆ ತಗ್ಗಿಸಿದ್ದಳು.

ಎದುರು ಸೀಟಿನ ಅಜ್ಜಿಯೊಬ್ಬಳು ಚೀಲದಿಂದ ಒಂದು ಪುಟ್ಟ ಕಿತ್ತಳೆ ತೆಗೆದು ನನ್ನ ಕೈಗೆ ಕೊಟ್ಟಳು.

"ಪಾಪ, ಒಳ್ಳೆಯವರು," ಎಂದೆ.

"ಒಳ್ಳೆಯವರೇ ಮಾಮ," ಎಂದಳು ನಿಶ್ಮಿತಾ ಮೆಲ್ಲಗೆ. "ಬಾಯಿಯಲ್ಲಿ ಏನಾದ್ರೂ ಇದ್ರೆ ನೀವು ಮಾತಾಡುವುದಿಲ್ಲ ಅಲ್ವಾ?"

ಕಿತ್ತಳೆ ಬಹಳ ಸಿಹಿಯಾಗಿತ್ತು. ಉಳಿದ ದಾರಿಯಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಗುಡ್ಡಗಳ ಸೆರಗಿನಲ್ಲಿ ಕೊಯ್ಲಾದ ಗದ್ದೆಗಳು ಬಂದಾಗ ಕಾಪುವಿನ ಪಕ್ಕದ ಇನ್ನಂಜೆಯ ನೆನಪಾಯಿತು. ಆದರೆ ಇಲ್ಲಿ ಗದ್ದೆಯ ಪಕ್ಕದಲ್ಲೇ ಇಪ್ಪತ್ತು ಮಾಳಿಗೆಯ ಮನೆಗಳು ಎದ್ದು ನಿಂತಿದ್ದವು, ಮತ್ತು ಗದ್ದೆಗಳಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ.

ಕಾಲೇಜು

ಅವಳ ಅಧ್ಯಾಪಕರಿಗೆ ನನ್ನ ವಿಸಿಟಿಂಗ್ ಕಾರ್ಡನ್ನು ಜೇಬಿನಿಂದ ತೆಗೆದು ಒಂದೇ ಕೈಯಲ್ಲಿ ಕೊಟ್ಟೆ. ಅವರು ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ದೇವರ ಪ್ರಸಾದ ನೋಡುವಂತೆ ನೋಡಿದರು. ಕಾರ್ಡಿನಲ್ಲಿ ನಾನು ಕಪ್ಪು ಕನ್ನಡಕ ಹಾಕಿ ಡ್ರೋನ್ ಹಿಡಿದು ನಿಂತ ಫೋಟೊ ಇತ್ತು. ಊರಿನಲ್ಲಿ ಅದಕ್ಕೆ ಬೆಲೆ ಉಂಟೆಂದು ತಿಳಿದುಕೊಂಡಿದ್ದೆ. ಅಲ್ಲಿ ನನಗೇ ನಾಚಿಕೆಯಾಯಿತು.

ಕ್ಯಾಮೆರಾಗಳನ್ನು ನೋಡಿ ಸಮಾಧಾನವಾಯಿತು. ನಮ್ಮಲ್ಲಿರುವಂಥವೇ, ಸ್ವಲ್ಪ ಹೊಸವು. ಆದರೆ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತಾಗ ಆ ಸಮಾಧಾನ ಹೋಯಿತು. ಪರದೆಗಳ ಮುಂದೆ ಒಂದು ತಂಡ ಅಭ್ಯಾಸ ನಡೆಸುತ್ತಿತ್ತು. ಕ್ಯಾಮೆರಾದವರೆಲ್ಲ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ದೂರದಲ್ಲಿದ್ದರು. ಮಾತಾಡುತ್ತಿದ್ದದ್ದು ಒಬ್ಬರೇ. ಯಾವ ಕ್ಯಾಮೆರಾ ಎಲ್ಲಿಗೆ ತಿರುಗಬೇಕು, ಯಾವುದು ಪ್ರಸಾರವಾಗಬೇಕು ಎಂದು ಆ ಒಬ್ಬರು ಹೇಳುತ್ತಾರೆ, ಉಳಿದವರು ಮಾಡುತ್ತಾರೆ. ಆ ಹೊತ್ತಿಗೆ ಪ್ರಸಾರದ ಯಜಮಾನಿಕೆ ಅವರದ್ದು. ಅವತ್ತು ಆ ಕುರ್ಚಿಯಲ್ಲಿ ಒಬ್ಬ ಸಣಕಲು ಹುಡುಗಿ ಇದ್ದಳು.

ನಮ್ಮ ಹಾಲ್‌ಗಳಲ್ಲಿ ಮಾತಾಡದವರು ಯಾರು? ನಾನು ಹಮೀದನನ್ನು ಕೂಗುತ್ತೇನೆ, ಹಮೀದ್ ಲೈಟಿನವನನ್ನು ಕೂಗುತ್ತಾನೆ, ಹುಡುಗಿಯ ದೊಡ್ಡಪ್ಪ ನಮ್ಮಿಬ್ಬರನ್ನೂ ಕೂಗುತ್ತಾರೆ. ನಾನು ಕ್ಯಾಮೆರಾ ಹೆಗಲಿಗೇರಿಸಿ ಮಂಟಪಕ್ಕೇ ಹತ್ತುತ್ತೇನೆ. "ಭಟ್ರೇ, ಒಂದು ನಿಮಿಷ" ಎಂದು ಧಾರೆಯ ನೀರನ್ನೇ ನಿಲ್ಲಿಸುತ್ತೇನೆ. "ಇನ್ನೊಮ್ಮೆ ಹಾರ ಹಾಕಿ, ಈ ಕಡೆ ನೋಡಿ, ಸ್ವಲ್ಪ ನಗಿ." ನನ್ನ ಅಪ್ಪಣೆಯಾಗದೆ ಕಾಪುವಿನಲ್ಲಿ ಮದುವೆ ಮುಂದೆ ಹೋಗುವುದಿಲ್ಲ ಎಂದು ಹಮೀದ್ ತಮಾಷೆ ಮಾಡುವುದುಂಟು.

ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತಾಗ ನಾನು ಬಂದ ಕೆಲಸಕ್ಕೆ ಕೈ ಹಾಕಿದೆ. ಕಂಪನಿ, ಕೆಲಸ, ಮರ್ಯಾದೆ, ಅಪ್ಪನ ಚಿಂತೆ ಎಲ್ಲವನ್ನೂ ಹೇಳಿದೆ. ಅವಳು ಸ್ಟೀಲಿನ ಕಡ್ಡಿಗಳಿಂದ ಅನ್ನ ತಿನ್ನುತ್ತಾ ಕೇಳಿದಳು. ನನಗೆ ಚಮಚ ತಂದುಕೊಟ್ಟಿದ್ದಳು.

"ಮಾಮ, ಚಿಕ್ಕಮ್ಮನ ಮದುವೆಯನ್ನು ಅಪ್ಪ ಬಹರೈನಿನಿಂದ ನೋಡಿದ್ರು ಅಲ್ವಾ? ರಜೆ ಸಿಕ್ಕಿರಲಿಲ್ಲ. ರೂಮಿನಲ್ಲಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಕೂತಿದ್ರಂತೆ. ಧಾರೆ ಹೊತ್ತಿಗೆ ಅವರಿಗೆ ಎಂತ ಕಂಡಿತು ಗೊತ್ತುಂಟಾ?"

"ಎಂತ?"

"ನಿಮ್ಮ ಬೆನ್ನು."

ನಾನು ಸಾರು ಕುಡಿದೆ.

"ಬೈಯಲಿಲ್ಲ ಅವರು. 'ಸುಧಾಕರ ಬೆವರಿ ಹೋಗಿದ್ದ ಪಾಪ' ಅಂತ ಹೇಳಿದ್ರು. ಅವತ್ತೇ ನನಗೆ ಇದನ್ನು ಸರಿಯಾಗಿ ಕಲೀಬೇಕು ಅಂತ ಆಯ್ತು. ಆ ಕಂಪನಿಯಲ್ಲಿ ನಾನು ಎಂತ ಮಾಡುವುದು? ಟಿವಿಯಲ್ಲಿ ಬಾಣಲೆ ಮಾರುವವರಿಗೆ ಲೈಟು ಹಿಡಿಯುವುದು. ಊರಿನಲ್ಲಾದ್ರೆ ಹಾಲ್‌ನಲ್ಲಿ ಯಾರು ಕೂತಿದ್ದಾರೆ, ಅವರನ್ನು ನೋಡಲಿಕ್ಕೆ ಎಲ್ಲಿ ಯಾರು ಕಾಯ್ತಾ ಇದ್ದಾರೆ, ಅದು ನನಗೆ ಗೊತ್ತುಂಟು. ಮೂರು ಕ್ಯಾಮೆರಾ, ಒಂದು ಸಣ್ಣ ಕಂಟ್ರೋಲ್, ನಾನು ಹೇಳಿದ ಹಾಗೆ ನಡೆಯುವ ಲೈವ್. ಅಷ್ಟು ಸಾಕು ಮಾಮ."

"ಅಲ್ಲಿ ನೀನು ಹೇಳಿದ್ದನ್ನು ಯಾರು ಕೇಳ್ತಾರೆ ಮಾರಾಯ್ತಿ? ಆ ಗಂಡಸರ ಗಲಾಟೆಯಲ್ಲಿ?"

"ನೀವು ಕೇಳ್ತೀರಾ?"

ನಾನು ನಕ್ಕುಬಿಟ್ಟೆ. ಅವಳು ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾಯುತ್ತಿದ್ದಳು. ಮಗುವಾಗಿದ್ದಾಗ ನಾನೇ ಎತ್ತಿ ಆಡಿಸಿದವಳು. ಅವಳ ಕೈಕೆಳಗೆ ನಿಲ್ಲುವ ಮಾತು ನನ್ನ ತಲೆಗೆ ಅವತ್ತಿನವರೆಗೆ ಬಂದಿರಲಿಲ್ಲ. ಊಟ ಆರುತ್ತದೆ ಎಂದು ಹೇಳಿ ಮಾತು ಮರೆಸಿದೆ.

ಮೀನಿನ ಊರು

ಅವಳ ಕೊನೆಯ ಪರೀಕ್ಷೆ ಒಂದು ನೇರ ಪ್ರಸಾರ. ಹತ್ತಿರದ ಮೀನುಗಾರರ ಹಳ್ಳಿಯಲ್ಲಿ ಚಳಿಗಾಲದ ಮೊದಲು ಹೆಂಗಸರೆಲ್ಲ ಸೇರಿ ತಿಂಗಳುಗಟ್ಟಲೆ ಸಾಲುವಷ್ಟು ಕಿಮ್ಚಿ ಹಾಕುತ್ತಾರೆ. ಕಿಮ್ಚಿ ಎಂದರೆ ಎಲೆಕೋಸಿಗೆ ಉಪ್ಪು, ಮೆಣಸು ಹಚ್ಚಿ ಹುಳಿ ಬರಿಸಿದ ಉಪ್ಪಿನಕಾಯಿ. ಅದಿಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ. ಆ ಹಳ್ಳಿಯ ಮಕ್ಕಳೆಲ್ಲ ಸಿಯೋಲ್‌ನಲ್ಲಿ, ಇನ್ನೂ ದೂರದ ದೇಶಗಳಲ್ಲಿ. ಅವರು ನೋಡಲೆಂದು ಕಾಲೇಜಿನವರು ಅದನ್ನು ಲೈವ್ ಕೊಡುತ್ತಾರೆ. ಈ ಸಲ ಹೇಳುವ ಕುರ್ಚಿ ನಿಶ್ಮಿತಾಳದು. ಇದರಲ್ಲಿ ಅಂಕ ಕೆಟ್ಟರೆ ಓದು ಮುಗಿಯುವುದಿಲ್ಲ.

ಬಸ್ಸಿಳಿದದ್ದೇ ಮೂಗಿಗೆ ಊರು ಸಿಕ್ಕಿತು. ಬಲೆಗಳ ಮೇಲೆ ಸಣ್ಣ ಮೀನು ಒಣಗಲು ಹಾಕಿದ್ದರು. ಮಲ್ಪೆಯಲ್ಲಿ ನಿಂತ ಹಾಗೇ ಆಯಿತು. ಕಾಗೆಗಳಿಲ್ಲ, ಬೈಗುಳವಿಲ್ಲ, ಅದೊಂದು ವ್ಯತ್ಯಾಸ. ಊರಿನ ಸಭಾಭವನದೊಳಗೆ ಮಾತ್ರ ಗಲಾಟೆ ಬೇಕಾದಷ್ಟಿತ್ತು. ಅಜ್ಜಿಯಂದಿರು ಕೆಂಪು ಕೈಗವಸು ಹಾಕಿಕೊಂಡು ಉದ್ದ ಮೇಜುಗಳ ಎರಡೂ ಕಡೆ ನಿಂತಿದ್ದರು. ಒಬ್ಬಳ ಕೋಸು ಇನ್ನೊಬ್ಬಳಿಗೆ ಸರಿ ಕಾಣದು, ಒಬ್ಬಳು ಹಾಕಿದ ಮೆಣಸು ಮತ್ತೊಬ್ಬಳಿಗೆ ಸಾಲದು. ಮದುವೆಯ ಮುನ್ನಾದಿನ ನಮ್ಮಲ್ಲಿ ತರಕಾರಿ ಹೆಚ್ಚಲು ಸೇರುತ್ತಾರಲ್ಲ, ಥೇಟ್ ಅದೇ. ಭಾಷೆ ಬಾರದಿದ್ದರೂ ಯಾರು ಯಾರ ಸೊಸೆಯನ್ನು ಚುಚ್ಚುತ್ತಿದ್ದಾರೆಂದು ನನಗೆ ಸರಿಯಾಗಿ ತಿಳಿಯುತ್ತಿತ್ತು.

ಅಷ್ಟರಲ್ಲಿ ಎರಡನೇ ಕ್ಯಾಮೆರಾದ ವಿದ್ಯಾರ್ಥಿನಿ ಒದ್ದೆ ಮೆಟ್ಟಿಲಲ್ಲಿ ಜಾರಿ ಕೈ ಉಳುಕಿಸಿಕೊಂಡಳು. ಅಧ್ಯಾಪಕರು ನನ್ನ ಕಡೆ ನೋಡಿ ನಿಶ್ಮಿತಾಳಲ್ಲಿ ಏನೋ ಕೇಳಿದರು. ಕಪ್ಪು ಕನ್ನಡಕದ ಕಾರ್ಡು ಅವರಿಗೆ ನೆನಪಿತ್ತು.

"ಬೇಡ ಅಂತ ಹೇಳಿದೆ," ಎಂದಳು ನನ್ನ ಬಳಿ ಬಂದು.

ನನಗೆ ಚುರುಕ್ಕೆಂದಿತು. "ಯಾಕೆ? ಇಪ್ಪತ್ತೈದು ವರ್ಷದಿಂದ ಕ್ಯಾಮೆರಾ ಹಿಡಿದವ ನಾನು!"

"ಅದಕ್ಕೇ ಮಾಮ."

ಆದರೆ ಬೇರೆ ಜನ ಇರಲಿಲ್ಲ. ಕೊನೆಗೆ ಒಂದು ಹಳದಿ ಟೇಪು ತಂದು ನೆಲಕ್ಕೆ ಅಂಟಿಸಿ, ನನ್ನ ಟ್ರೈಪಾಡನ್ನು ಅಲ್ಲಿಟ್ಟಳು. ಹೆಡ್‌ಸೆಟ್ಟನ್ನು ತಾನೇ ನನ್ನ ಕಿವಿಗೆ ಹಾಕಿದಳು. "ಇಲ್ಲಿಂದ ಕದಲಬಾರದು. ನಾನು ಹೇಳಿದಷ್ಟೇ ಮಾಡಬೇಕು. ಪರೀಕ್ಷೆ ನನ್ನದು ಮಾಮ." ಅವಳ ಕೈ ತಣ್ಣಗಿತ್ತು. ಹೆದರಿದ್ದಾಳೆ ಎಂದು ಆಗ ಗೊತ್ತಾಯಿತು.

ಪ್ರಸಾರ ಶುರುವಾಯಿತು. ಉಳಿದವರಿಗೆ ಕೊರಿಯನ್, ನನಗೆ ತುಳು. "ಎರಡು, ಎಡಕ್ಕೆ. ಮೆಲ್ಲ. ನಿಲ್ಲಿ." ನನಗೆ ಹೆಸರೂ ಇರಲಿಲ್ಲ, ಸಂಬಂಧವೂ ಇರಲಿಲ್ಲ, ನಾನು ಬರೀ ಎರಡು. ಅವಳು ಹೇಳಿದ ಕಡೆ ತಿರುಗಿದೆ. ವಿಚಿತ್ರವೆಂದರೆ, ಅವಳು ಹೇಳಿದ ಕಡೆಯೇ ಏನಾದರೂ ನಡೆಯುತ್ತಿತ್ತು. ಒಬ್ಬ ಅಜ್ಜಿ ನಗುವ ಮೊದಲೇ ನನ್ನ ಕ್ಯಾಮೆರಾ ಅವಳ ಮುಖದ ಮೇಲಿರುತ್ತಿತ್ತು.

ಆಮೇಲೆ ನಾನು ಮದುವೆ ವಿಡಿಯೊದವನು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ.

ಮೊದಲ ಕಿಮ್ಚಿ ತಯಾರಾದಾಗ ಅದನ್ನು ಸುತ್ತಿ ಪಕ್ಕದವಳ ಬಾಯಿಗೆ ಇಡುವುದು ಅಲ್ಲಿನ ಪದ್ಧತಿ. ಎಲ್ಲರಿಗಿಂತ ಹಿರಿಯ ಅಜ್ಜಿ ಒಂದು ಎಸಳು ಸುತ್ತಿ ಗೆಳತಿಯ ಬಾಯಿಯ ಹತ್ತಿರ ತಂದಳು. ಮದುಮಕ್ಕಳು ಒಬ್ಬರಿಗೊಬ್ಬರು ಸಿಹಿ ತಿನ್ನಿಸುವ ಗಳಿಗೆಯನ್ನು ನಾನು ಎಷ್ಟು ಸಾವಿರ ಸಲ ನಿಲ್ಲಿಸಿದ್ದೇನೋ. ಯೋಚನೆಗೆ ಮೊದಲೇ ಕಾಲು ನಡೆಯಿತು. ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಮೇಜಿನ ಎದುರು ಹೋಗಿ ನಿಂತೆ. ಕೈಯೆತ್ತಿ, "ಒಂದು ನಿಮಿಷ, ಹಾಗೇ ಹಿಡಿಯಿರಿ, ಈ ಕಡೆ ನೋಡಿ, ನಗಿ!" ಎಂದೆ. ಕಾಪುವಿನ ಕನ್ನಡದಲ್ಲಿ.

ಅಜ್ಜಿಯಂದಿರು ವಿಧೇಯರಾಗಿ ನಿಂತುಬಿಟ್ಟರು. ಒಬ್ಬಳ ಕೈ ಗಾಳಿಯಲ್ಲಿ, ಇನ್ನೊಬ್ಬಳ ಬಾಯಿ ತೆರೆದುಕೊಂಡು. ನಾನು ನಿಂತಿದ್ದದ್ದು ಸರಿಯಾಗಿ ಒಂದನೇ ಕ್ಯಾಮೆರಾದ ಎದುರು. ಪ್ರಸಾರವಾಗುತ್ತಿದ್ದದ್ದು ಅದೇ.

ಕಿವಿಯಲ್ಲಿದ್ದ ಹೆಡ್‌ಸೆಟ್ಟಿನಲ್ಲಿ ಅವಳ ದನಿ ಬಂತು. ಕೂಗಲಿಲ್ಲ. "ಎರಡು. ಹಿಂದೆ ಬನ್ನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಗೋಗರೆಯುವುದೂ ಇರಲಿಲ್ಲ. ಮಾತಿಗೆ ಎದುರು ಮಾತಿಲ್ಲ ಎಂಬ ಭರವಸೆ ಇತ್ತು. ನಾನು ಹಿಂದೆ ಹೋದೆ. ಟೇಪಿನ ಮೇಲೆ ನಿಂತೆ. ಅಷ್ಟರೊಳಗೆ ಅವಳು ಮೂರನೇ ಕ್ಯಾಮೆರಾಕ್ಕೆ ಹಾರಿ ಮೆಣಸು ಹಚ್ಚುತ್ತಿದ್ದ ಕೈಗಳನ್ನು ತೋರಿಸುತ್ತಿದ್ದಳು. "ಎರಡು, ಅಜ್ಜಿಯ ಮುಖ. ತಯಾರಾ?" ತಯಾರಾಗಿದ್ದೆ. ಅಜ್ಜಿಗೆ ಕೈ ಸೋತು ಎಸಳು ಗೆಳತಿಯ ಮೂಗಿಗೆ ತಾಗಿತು, ಇಬ್ಬರೂ ಮೇಜು ಹಿಡಿದುಕೊಂಡು ನಕ್ಕರು. ನಿಶ್ಮಿತಾ ಆ ನಗು ಪೂರ್ತಿ ಮುಗಿಯುವ ತನಕ ನನ್ನ ಕ್ಯಾಮೆರಾವನ್ನು ಬಿಡಲಿಲ್ಲ.

ಅದೇ ಊರು, ಊಟ ಆದ ಮೇಲೆ

ಬೇಯಿಸಿದ ಮಾಂಸ, ಬಿಸಿ ಅನ್ನ, ಆಗಷ್ಟೇ ಹಾಕಿದ ಕಿಮ್ಚಿ. ಅಜ್ಜಿಯಂದಿರು ನನ್ನ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ನನ್ನಂತೆ ಕೈಯೆತ್ತಿ "ಒಂದು ನಿಮಿಷ" ಮಾಡಿ ತೋರಿಸಿ ನಕ್ಕರು. ನನಗೆ ನಗು ಬರಲಿಲ್ಲ.

ಊಟದ ನಂತರ ಅಧ್ಯಾಪಕರು ಎಲ್ಲರನ್ನೂ ಕೂರಿಸಿ ಪ್ರಸಾರವನ್ನು ಇನ್ನೊಮ್ಮೆ ಹಾಕಿ ತೋರಿಸಿದರು. ಒಳ್ಳೆಯ ದೃಶ್ಯಗಳ ನಡುವೆ ಪರದೆಯ ತುಂಬ ನನ್ನ ಬೆನ್ನು. ಚೌಕಳಿ ಅಂಗಿ, ಒಂದು ಎತ್ತಿದ ಕೈ. ಅಜ್ಜಿಯೂ ಇಲ್ಲ, ಕಿಮ್ಚಿಯೂ ಇಲ್ಲ. ಬಹರೈನಿನ ಒಂದು ಕೋಣೆಯಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿ ಕುಳಿತವರು ಏನು ನೋಡಿದರೆಂದು ನನಗೆ ಅವತ್ತು ಕಂಡಿತು.

ಅಧ್ಯಾಪಕರು ಒಂದು ಪ್ರಶ್ನೆ ಕೇಳಿದರು. ತಂಡದವರೆಲ್ಲ ನನ್ನನ್ನು ನೋಡಿದರು. ನಿಶ್ಮಿತಾ ಎದ್ದು ನಿಂತು, ತಲೆ ಬಾಗಿಸಿ ಎರಡು ಮಾತು ಹೇಳಿ ಕುಳಿತಳು. ಅವರು ಏನೋ ಗುರುತು ಹಾಕಿಕೊಂಡರು.

ಹೊರಗೆ ದೋಣಿಗಳ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದೆ. "ಎಂತ ಹೇಳಿದೆ?"

"ತಪ್ಪು ನನ್ನದು ಅಂತ. ಎಲ್ಲಿ ನಿಲ್ಲಬೇಕು ಅಂತ ನಿಮಗೆ ಹೇಳಿದ್ದೆ, ಯಾಕೆ ಕದಲಬಾರದು ಅಂತ ಹೇಳಿರಲಿಲ್ಲ."

"ಅಂಕ?"

"ಕಡಿಮೆ ಮಾಡಿದ್ದಾರೆ. ಪಾಸಾಗ್ತೇನೆ ಮಾಮ, ಹೆದರಬೇಡಿ."

ನಾನು ನೇರ ಅಧ್ಯಾಪಕರ ಬಳಿ ಹೋದೆ. ನನಗೆ ಬರುವ ಇಂಗ್ಲಿಷಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ, ತಪ್ಪು ನನ್ನದು, ಅವಳ ಅಂಕ ಕಡಿಯಬೇಡಿ ಎಂದೆ. ಅವರು ಪೂರ್ತಿ ಕೇಳಿದರು. ನನಗೆ ತಲೆಬಾಗಿ ವಂದಿಸಿ, ನಿರ್ದೇಶಿಸುತ್ತಿದ್ದವಳು ಅವಳು ಎಂದಷ್ಟೇ ಹೇಳಿದರು. ಅಂಕ ಬದಲಾಗಲಿಲ್ಲ.

ನಮ್ಮಲ್ಲಿ ಲೈವ್ ಕೆಟ್ಟರೆ ತಪ್ಪು ನೆಟ್‌ವರ್ಕಿನದು. ನೆಟ್‌ವರ್ಕ್ ಸರಿಯಿದ್ದರೆ ಕರೆಂಟಿನದು. ಎರಡೂ ಸರಿಯಿದ್ದರೆ ಹಮೀದನದು, ಹಮೀದನನ್ನು ಕೇಳಿದರೆ ನನ್ನದು. ಬೇರೊಬ್ಬನ ತಪ್ಪನ್ನು ಹೀಗೆ ಎದ್ದು ನಿಂತು ತನ್ನ ತಲೆಗೆ ಹಾಕಿಕೊಳ್ಳುವವರನ್ನು ನಾನು ಈ ಕಸುಬಿನಲ್ಲಿ ನೋಡಿರಲಿಲ್ಲ. ನನಗೆ ಅಳು ಬಂತು. ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಅವಳಿಗೆ ಸುಳ್ಳು ಹೇಳಿದೆ. ಅಪ್ಪಣೆ ಕೊಡುವುದೆಂದರೆ ಕೂಗುವುದೆಂದು ತಿಳಿದಿದ್ದವನಿಗೆ ಅದು ಹೊರುವ ಕೆಲಸವೆಂದು ಅವಳನ್ನು ನೋಡಿ ತಿಳಿಯಿತು.

ಹಿಂತಿರುಗುವ ದಿನ

ವಿಮಾನ ನಿಲ್ದಾಣದಿಂದ ಮೊದಲು ಹಮೀದನಿಗೆ ಫೋನ್ ಮಾಡಿದೆ, ಈ ಸಲ ಮೆಲು ದನಿಯಲ್ಲಿ. ಹೀಗೊಂದು ಯೋಚನೆ ಉಂಟು, ಅವಳು ಹೇಳಿದಂತೆ ನಾವು ಕೇಳಬೇಕಾಗುತ್ತದೆ, ನಿನಗೇನನಿಸುತ್ತದೆ ಎಂದೆ.

"ಸುಧಾಕರಣ್ಣ, ನನ್ನ ಮನೆಯಲ್ಲಿ ಉಮ್ಮ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಹೇಳಿದ್ದು ಕೇಳಿ ನನಗೆ ಅಭ್ಯಾಸ ಉಂಟು ಮಾರಾಯ್ರೇ. ಕಷ್ಟ ಇರುವುದು ನಿಮಗೆ."

ಆಮೇಲೆ ಅಕ್ಕನ ಫೋನು ಬಂತು. ನಿಶ್ಮಿತಾ ನನ್ನ ಪಕ್ಕದಲ್ಲೇ ನಿಂತು ನನ್ನ ಚೀಲದ ಜಿಪ್ಪನ್ನು ಸುಮ್ಮನೆ ಎಳೆಯುವುದು, ಬಿಡುವುದು ಮಾಡುತ್ತಿದ್ದಳು. ಕ್ಯಾಂಟೀನಿನ ಪ್ರಶ್ನೆಗೆ ನಾನು ಅವಳಿಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅವಳು ಮತ್ತೆ ಕೇಳಿರಲೂ ಇಲ್ಲ.

"ಬುದ್ಧಿ ಹೇಳಿದೆಯಾ?" ಎಂದಳು ಅಕ್ಕ.

"ಹೇಳಿದೆ."

"ಎಂತ ಅಂದಳು?"

"ಊರಿಗೆ ಬರ್ತಾಳೆ. ಬರ್ಲಿ ಅಕ್ಕ. ನಾನೇ ಬಾ ಅಂತ ಹೇಳ್ತಾ ಇದ್ದೇನೆ."

ನಿಶ್ಮಿತಾಳ ಕೈ ಜಿಪ್ಪಿನ ಮೇಲೆ ನಿಂತಿತು. ಅಲೆವೂರಿನ ಕಡೆಯಿಂದ ಅಕ್ಕನ ದನಿ ಏರಿತು.

"ಇಷ್ಟೆಲ್ಲ ಓದಿ ಕಡೆಗೆ ನಿನ್ನ ಕೈಕೆಳಗೆ ಕೆಲಸಕ್ಕೆ ಸೇರುವುದಾ ಅವಳು?"

"ಅಲ್ಲ ಅಕ್ಕ," ಎಂದೆ. "ನಾನು ಅವಳ ಕೈಕೆಳಗೆ."